ಬಣ್ಣದ ಸ್ಮಾರ್ಟ್ ದೀಪ ಮುನಿಸಿಕೊಂಡಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕಡಿಮೆ ಬೆಲೆಯ ಬಣ್ಣದ ಸ್ಮಾರ್ಟ್ ದೀಪಗಳು ಕೆಡುವುದಕ್ಕಿಂತ ಕೆಟ್ಟಂತೆ ಕಾಣುವುದು ಹೆಚ್ಚು. ಬಲ್ಬ್ ಸರಿಯಾಗಿಯೇ ಇರುತ್ತದೆ. ಅದಕ್ಕೆ ಕರೆಂಟ್ ಕೊಡುವ ಸ್ವಿಚ್, ಮಾತು ಮುಟ್ಟಿಸುವ ರೂಟರ್, ಅಪ್ಪಣೆ ಕೊಡುವ ಆ್ಯಪ್ ಇವುಗಳಲ್ಲಿ ಯಾವುದೋ ಒಂದು ತಕರಾರು ತೆಗೆದಿರುತ್ತದೆ. ಹಾಗಾಗಿ ನಾನು ಹುಡುಕುವ ಕ್ರಮ ಯಾವಾಗಲೂ ಒಂದೇ: ಮೊದಲು ಕರೆಂಟ್, ಆಮೇಲೆ ವೈಫೈ, ಕೊನೆಗೆ ಆ್ಯಪ್. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಆ್ಯಪ್ ಅಳಿಸಿ ಮತ್ತೆ ಹಾಕಿ, ಬಲ್ಬನ್ನು ಹತ್ತು ಸಲ ರೀಸೆಟ್ ಮಾಡಿ, ಸಂಜೆಯೆಲ್ಲ ಕಳೆದ ಮೇಲೆ ಹೋಲ್ಡರ್ ಸಡಿಲವಾಗಿತ್ತು ಎಂದು ಕಂಡುಕೊಳ್ಳುತ್ತಾರೆ. ಅಂಥ ಸಂಜೆಗಳನ್ನು ನಾನೂ ಕಳೆದಿದ್ದೇನೆ.

ನಿಮ್ಮ ದೀಪದಲ್ಲಿ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಮುಂದಿನ ಪ್ಯಾರಾವನ್ನು ಮಾತ್ರ ಯಾರೂ ಬಿಡಬೇಡಿ.

ಕೈ ಹಾಕುವ ಮೊದಲು

ಹೋಲ್ಡರ್‌ಗೆ ಕೈ ಹಾಕಲು ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿಯ ಬದಲು ನ್ಯೂಟ್ರಲ್‌ಗೆ ಹಾಕಿದ್ದರೆ, ಸ್ವಿಚ್ ಆರಿದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಆ ಕೋಣೆಯ ಎಂಸಿಬಿಯನ್ನೇ, ಅಂದರೆ ಮನೆಯ ಕರೆಂಟ್ ಪೆಟ್ಟಿಗೆಯಲ್ಲಿರುವ ಸುರಕ್ಷತಾ ಸ್ವಿಚ್ಚನ್ನೇ ಇಳಿಸಿ. ಉರಿಯುತ್ತಿದ್ದ ಬಲ್ಬ್ ತಣಿಯಲು ಹತ್ತು ನಿಮಿಷ ಬಿಡಿ. ನಿಮ್ಮದು ಬಲ್ಬಲ್ಲ, ಸಾಲಾಗಿ ಎಲ್‌ಇಡಿ ಕೂರಿಸಿದ ಪಟ್ಟಿ, ಅಂದರೆ ಸ್ಟ್ರಿಪ್ ಆದರೆ, ಅದನ್ನು ಕತ್ತರಿಸುವುದು, ಜೋಡಿಸುವುದು ಏನಿದ್ದರೂ ಅಡಾಪ್ಟರನ್ನು ಪ್ಲಗ್‌ನಿಂದ ಕಿತ್ತ ಮೇಲೆ. ಬಲ್ಬಿನ ಗುಮ್ಮಟ ಕಿತ್ತು ರಿಪೇರಿ ಮಾಡುವ ವಿಡಿಯೊಗಳನ್ನು ನೋಡಿ ಸಂತೋಷಪಡಿ, ಅನುಕರಿಸಬೇಡಿ. ಒಳಗಿರುವ, ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಬಿಡಿಭಾಗ ಕರೆಂಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಹೊಡೆಯಬಲ್ಲದು.

ದೀಪ ಹೊತ್ತಿಕೊಳ್ಳುವುದೇ ಇಲ್ಲ

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಚೆನ್ನಾಗಿ ಉರಿಯುತ್ತಿರುವ ಸಾಮಾನ್ಯ ಬಲ್ಬೊಂದನ್ನು ಅದೇ ಹೋಲ್ಡರ್‌ಗೆ ಹಾಕಿ. ಅದೂ ಉರಿಯದಿದ್ದರೆ ದೋಷ ಹೋಲ್ಡರ್‌ನಲ್ಲೋ ವೈರಿಂಗ್‌ನಲ್ಲೋ ಇದೆ, ಸ್ಮಾರ್ಟ್ ಬಲ್ಬ್ ನಿರಪರಾಧಿ. ಉರಿದರೆ ಸ್ಮಾರ್ಟ್ ಬಲ್ಬನ್ನು ಬೇರೊಂದು ಹೋಲ್ಡರ್‌ಗೆ ಹಾಕಿ ನೋಡಿ. ಸ್ಮಾರ್ಟ್ ಬಲ್ಬುಗಳ ಬುಡ ಸಾಮಾನ್ಯ ಎಲ್‌ಇಡಿ ಬಲ್ಬಿಗಿಂತ ದಪ್ಪವಾಗಿರುವುದುಂಟು. ಕಿರಿದಾದ ಶೇಡ್‌ನೊಳಗೆ ಅದು ಅಂಚಿಗೆ ತಗುಲಿ ಪೂರ್ತಿ ಕೂರುವುದಿಲ್ಲ, ಹೋಲ್ಡರ್‌ನ ಪಿನ್ನುಗಳಿಗೆ ಮುಟ್ಟುವುದೂ ಇಲ್ಲ. ಶೇಡ್ ಕಳಚಿ ಹಾಕಿದಾಗ ಉರಿದರೆ ರೋಗ ಸಿಕ್ಕಿತು.

ಇನ್ನೊಂದು ಸಾಧ್ಯತೆ: ಬಲ್ಬಿಗೆ ಕರೆಂಟ್ ಇದೆ, ಆದರೆ ಆ್ಯಪ್‌ನಲ್ಲಿ ಯಾರೋ ಅದನ್ನು ಆರಿಸಿಟ್ಟಿದ್ದಾರೆ. ಗೋಡೆಯ ಸ್ವಿಚ್ಚನ್ನು ಒಮ್ಮೆ ಆರಿಸಿ, ಐದು ಸೆಕೆಂಡ್ ಬಿಟ್ಟು ಹಾಕಿ. ಹೆಚ್ಚಿನ ಬಲ್ಬುಗಳು ಆಗ ಉರಿಯುತ್ತವೆ. ಎರಡು ಹೋಲ್ಡರ್‌ಗಳಲ್ಲಿಯೂ ಮಿಸುಕಾಡದ ಬಲ್ಬ್ ನಿಜಕ್ಕೂ ಸತ್ತಿದೆ. ವಾರಂಟಿ ಇದ್ದರೆ ಬದಲಾಯಿಸಿಕೊಳ್ಳಿ.

ಉರಿಯುತ್ತದೆ, ಆದರೆ ಆ್ಯಪ್‌ಗೆ ಸೇರುವುದಿಲ್ಲ

ಹೆಚ್ಚಿನ ಜನ ಸೋಲುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಬಲ್ಬ್ ಹೇಗೆ ಮಿಟುಕುತ್ತಿದೆ ಎಂಬುದೇ ಮೊದಲ ಸುಳಿವು. ಬಡಬಡನೆ, ಸೆಕೆಂಡಿಗೆ ಎರಡು ಸಲದಂತೆ ಮಿಟುಕಿದರೆ ಅದು ಜೋಡಣೆಗೆ ಸಿದ್ಧವಾಗಿದೆ. ಹಲವು ಬಲ್ಬುಗಳಲ್ಲಿ ನಿಧಾನ ಮಿಟುಕಿಗೆ ಬೇರೆಯೇ ಅರ್ಥ: ಅದು ತನ್ನದೇ ಪುಟ್ಟ ವೈಫೈ ಜಾಲ ತೆರೆದು, ನಿಮ್ಮ ಫೋನ್ ಆ ಜಾಲಕ್ಕೆ ಸೇರಲೆಂದು ಕಾಯುತ್ತಿದೆ. ಸುಮ್ಮನೆ ಉರಿಯುತ್ತಿದ್ದರೆ ಜೋಡಣೆಯ ಸ್ಥಿತಿಗೆ ಬಂದೇ ಇಲ್ಲ. ಸ್ವಿಚ್ಚನ್ನು ಹಾಕಿ ಆರಿಸಿ ರೀಸೆಟ್ ಮಾಡಬೇಕು. ಕೆಲವಕ್ಕೆ ಮೂರು ಸಲ, ಕೆಲವಕ್ಕೆ ಐದು. ಜೊತೆಗೆ ಬಂದ ಚೀಟಿಯಲ್ಲಿ ಬರೆದಿರುತ್ತದೆ. ಇದನ್ನು ಅವಸರದಲ್ಲಿ ಟಕಟಕ ಎಂದು ಮಾಡಿದರೆ ಆಗುವುದಿಲ್ಲ. ಒಳಗಿನ ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್‌ನಿಂದ ಬಲ್ಬ್ ಅರೆಕ್ಷಣ ಎಚ್ಚರವಾಗಿಯೇ ಇರುತ್ತದೆ, ನೀವು ಆರಿಸಿದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಕಿ ಒಂದು ಸೆಕೆಂಡ್, ಆರಿಸಿ ಒಂದು ಸೆಕೆಂಡ್, ಬಾಯಲ್ಲಿ ಎಣಿಸುತ್ತಾ ಮಾಡಿ.

ಮಿಟುಕು ಸರಿಯಿದ್ದೂ ಸೇರದಿದ್ದರೆ ಅನುಮಾನ ಪಡಬೇಕಾದದ್ದು 2.4 ಗಿಗಾಹರ್ಟ್ಸ್ ವಿಚಾರವನ್ನು. ಅಗ್ಗದ ಬಲ್ಬುಗಳಲ್ಲಿ ಬಹುತೇಕ ಎಲ್ಲವೂ ಈ ಒಂದು ಆವರ್ತನದ ವೈಫೈಯನ್ನು ಮಾತ್ರ ಬಲ್ಲವು. ಈಗಿನ ರೂಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಹಂಚುತ್ತವೆ, ಫೋನ್ ವೇಗದ 5ಕ್ಕೆ ಹೋಗಿ ಕೂರುತ್ತದೆ. ಪರದೆಯಲ್ಲಿ ಹೆಸರು ಒಂದೇ ಕಾಣುವುದರಿಂದ ನಿಮಗೆ ಸಂಶಯವೇ ಬರುವುದಿಲ್ಲ. ರೂಟರ್‌ನ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಸನ್ನು ಹತ್ತು ನಿಮಿಷ ಆರಿಸಿ ಬಲ್ಬನ್ನು ಸೇರಿಸಿ, ಆಮೇಲೆ ಮತ್ತೆ ಹಾಕಿ. ಒಮ್ಮೆ ಸೇರಿದ ಬಲ್ಬ್ ತನ್ನ ಪಾಡಿಗೆ 2.4ರಲ್ಲಿ ಇರುತ್ತದೆ.

ಅದೂ ಫಲಿಸದಿದ್ದರೆ ಈ ಸಣ್ಣಪುಟ್ಟವುಗಳನ್ನು ನೋಡಿ. ಪಾಸ್‌ವರ್ಡ್‌ನ ಕೊನೆಯಲ್ಲಿ ಕಾಣದಂತೆ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. ಕಣ್ಣಿನ ಗುರುತು ಒತ್ತಿ ಅಕ್ಷರಗಳನ್ನು ತೆರೆದು ನೋಡಿ. ಫೋನಿನಲ್ಲಿ ವಿಪಿಎನ್ ಇದ್ದರೆ ಆರಿಸಿ. ಆ್ಯಪ್ ಸ್ಥಳದ ಅನುಮತಿ ಕೇಳಿದಾಗ ‘ದೀಪಕ್ಕೇಕೆ ನನ್ನ ವಿಳಾಸ’ ಎಂದು ನಿರಾಕರಿಸಿದ್ದೀರಾ? ಕೇಳುವುದು ನ್ಯಾಯವೇ, ಆದರೆ ಆಂಡ್ರಾಯ್ಡ್‌ನಲ್ಲಿ ಸುತ್ತಲಿನ ವೈಫೈ ಹುಡುಕಲು ಆ ಅನುಮತಿ ಬೇಕಾಗುತ್ತದೆ. ಐಫೋನಿನಲ್ಲಾದರೆ ಸ್ಥಳೀಯ ಜಾಲದ ಅನುಮತಿ. ಜೋಡಣೆ ಮುಗಿದ ಮೇಲೆ ಸ್ಥಳದ ಅನುಮತಿ ಹಿಂಪಡೆದರೂ ದೀಪವೇನೂ ಕೋಪಿಸಿಕೊಳ್ಳುವುದಿಲ್ಲ. ರೂಟರ್‌ನ ಭದ್ರತೆ ಬರೀ ಡಬ್ಲ್ಯೂಪಿಎ 3 ಎಂದಿದ್ದರೆ ಹಳೆಯ ಚಿಪ್‌ಗಳು ಒಳಗೆ ಬರಲಾರವು. 2 ಮತ್ತು 3 ಬೆರೆತ ಆಯ್ಕೆಗೆ ಬದಲಿಸಿ. ಬ್ರೌಸರ್‌ನಲ್ಲಿ ಲಾಗಿನ್ ಪುಟ ತೆರೆದು ಒಳಹೋಗಬೇಕಾದ ವೈಫೈಗೆ ಬಲ್ಬ್ ಎಂದೂ ಸೇರುವುದಿಲ್ಲ. ಪುಟ ತುಂಬಲು ಅದಕ್ಕೆ ಕೈಯೂ ಇಲ್ಲ, ಪರದೆಯೂ ಇಲ್ಲ.

ತೀರ್ಪು ಕೊಡುವ ಪರೀಕ್ಷೆ ಇನ್ನೊಂದಿದೆ. ಎರಡನೆಯ ಫೋನಿನಲ್ಲಿ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ತೆರೆದು, ಮೊದಲ ಫೋನ್ ಮತ್ತು ಬಲ್ಬನ್ನು ಅದಕ್ಕೆ ಸೇರಿಸಿ ನೋಡಿ. ಸೇರಿದರೆ ಬಲ್ಬ್ ಆರೋಗ್ಯವಾಗಿದೆ, ಕಾಯಿಲೆ ರೂಟರ್‌ನದು. ಇಲ್ಲಿಯೂ ಸೇರದಿದ್ದರೆ ಬಲ್ಬನ್ನು ಹಿಂದಿರುಗಿಸಿ. ಬಳಸಿದ ಬಲ್ಬನ್ನು ಕೊಂಡಿದ್ದರೆ ಅದು ಇನ್ನೂ ಹಳೆಯ ಒಡೆಯರ ಖಾತೆಗೆ ಕಟ್ಟಿಕೊಂಡಿರಬಹುದು. ಬಿಡಿಸಲು ಅವರಿಂದಲೇ ಆಗಬೇಕು.

ನಿನ್ನೆ ಚೆನ್ನಾಗಿತ್ತು, ಇಂದು ‘ಆಫ್‌ಲೈನ್’

ಗೋಡೆಯ ಸ್ವಿಚ್ ನೋಡಿ. ನಿಜವಾಗಿಯೂ, ಮೊದಲು ಅದನ್ನೇ ನೋಡಿ. ವರ್ಷಗಟ್ಟಲೆ ಸ್ವಿಚ್ ಒತ್ತಿದ ಕೈಗೆ ‘ಇದನ್ನು ಇನ್ನು ಆರಿಸಬಾರದು’ ಎಂದು ಕಲಿಸುವುದು ಬಲ್ಬನ್ನು ವೈಫೈಗೆ ಸೇರಿಸುವುದಕ್ಕಿಂತ ಕಷ್ಟ. ಸ್ವಿಚ್ಚಿನ ಮೇಲೆ ಒಂದು ಚೂರು ಟೇಪ್ ಅಂಟಿಸಿದರೆ ಸಾಕು, ಕೈ ತಡೆದು ನಿಲ್ಲುತ್ತದೆ.

ಸ್ವಿಚ್ ಸರಿಯಿದ್ದರೆ ಎಷ್ಟು ದೀಪ ಆಫ್‌ಲೈನ್ ಆಗಿವೆ ಎಂದು ಎಣಿಸಿ. ಎಲ್ಲವೂ ಹೋಗಿದ್ದರೆ ದೋಷ ದೀಪಗಳದ್ದಲ್ಲ: ಇಂಟರ್ನೆಟ್ ನಿಂತಿದೆ, ವೈಫೈ ಪಾಸ್‌ವರ್ಡ್ ಬದಲಾಗಿದೆ ಅಥವಾ ಹೊಸ ರೂಟರ್ ಬಂದಿದೆ. ಹೊಸ ರೂಟರ್‌ಗೆ ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರಶಃ ಇಟ್ಟುಬಿಡಿ. ಹತ್ತು ಬಲ್ಬುಗಳಿದ್ದರೂ ಒಂದನ್ನೂ ಮುಟ್ಟದೆ ಎಲ್ಲವೂ ತಾವಾಗಿ ಮರಳುತ್ತವೆ. ಕಂಪನಿಯ ಸರ್ವರ್ ನಿಂತಾಗಲೂ ಎಲ್ಲ ದೀಪಗಳು ಒಟ್ಟಿಗೆ ಹೋಗುತ್ತವೆ; ಅದಕ್ಕೆ ಕಾಯುವುದಲ್ಲದೆ ನೀವು ಮಾಡುವುದೇನೂ ಇಲ್ಲ.

ಒಂದೇ ದೀಪ ಪದೇಪದೇ ಹೋಗುತ್ತಿದ್ದರೆ ದೂರ ಅಥವಾ ಅಡ್ಡಿಯ ಸಮಸ್ಯೆ. ನನ್ನಲ್ಲಿ ಒಂದು ಬಲ್ಬ್ ಮೇಜಿನ ದೀಪದಲ್ಲಿ ವಾರಗಟ್ಟಲೆ ತೊಂದರೆ ಕೊಡಲಿಲ್ಲ. ಚಾವಣಿಯಿಂದ ತೂಗುವ ತಗಡಿನ ಶೇಡ್‌ಗೆ ಹಾಕಿದ ದಿನದಿಂದ ಗಂಟೆಗೊಮ್ಮೆ ಕಾಣೆಯಾಗುತ್ತಿತ್ತು. ಲೋಹದ ಬಟ್ಟಲಿನೊಳಗೆ ಆಂಟೆನಾ ಸಿಕ್ಕಿಕೊಂಡರೆ ಸಿಗ್ನಲ್ ಬರುವುದಾದರೂ ಎಲ್ಲಿಂದ? ಗಾಜಿನ ಶೇಡ್ ಹಾಕಿದ ಮೇಲೆ ಸುಮ್ಮನಾಯಿತು. ಶೇಡ್ ಬದಲಿಸಲು ಆಗದಿದ್ದರೆ ರೂಟರನ್ನು ಒಂದೆರಡು ಮೀಟರ್ ಸರಿಸಿ ನೋಡಿ.

ಆ್ಯಪ್ ಕೆಲಸ ಮಾಡುತ್ತದೆ, ಅಲೆಕ್ಸಾ ಅಥವಾ ಗೂಗಲ್‌ಗೆ ಹೇಳಿದರೆ ಮಾತ್ರ ಕೇಳುವುದಿಲ್ಲ ಎಂದರೆ ಎರಡು ಖಾತೆಗಳ ಕೊಂಡಿ ಕಳಚಿದೆ. ಕೊಂಡಿ ತೆಗೆದು ಮತ್ತೆ ಜೋಡಿಸಿ. ಕೋಣೆಗೂ ಬಲ್ಬಿಗೂ ಒಂದೇ ಹೆಸರಿದ್ದರೆ ಅದು ಗಲಿಬಿಲಿಗೊಳ್ಳುತ್ತದೆ, ಬೇರೆ ಹೆಸರಿಡಿ.

ಮಿಣುಕುತ್ತದೆ, ಗುಂಯ್‌ಗುಡುತ್ತದೆ, ಆರಿಸಿದ ಮೇಲೂ ಮಸುಕಾಗಿ ಉರಿಯುತ್ತದೆ

ಗೋಡೆಯಲ್ಲಿ ಬೆಳಕು ಏರಿಳಿಸುವ ತಿರುಗುಬಟನ್, ಅಂದರೆ ಡಿಮ್ಮರ್ ಇದೆಯೇ? ಸ್ಮಾರ್ಟ್ ಬಲ್ಬ್ ಅದರೊಂದಿಗೆ ಬಾಳಲಾರದು. ಬೆಳಕು ಇಳಿಸುವ ಕೆಲಸ ಬಲ್ಬಿನೊಳಗೇ ನಡೆಯಬೇಕು, ಅದಕ್ಕೆ ಪೂರ್ತಿ ಕರೆಂಟ್ ಬೇಕು; ಡಿಮ್ಮರ್ ಅದನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಫಲವಾಗಿ ಮಿಣುಕು, ಗುಂಯ್‌ಗುಡುವಿಕೆ, ಕೊನೆಗೆ ಅಕಾಲ ಮರಣ. ಪೂರ್ತಿ ತಿರುಗಿಸಿಟ್ಟರೂ ಇದು ತಪ್ಪುವುದಿಲ್ಲ. ಎಲೆಕ್ಟ್ರಿಷಿಯನ್‌ರಿಂದ ಸಾದಾ ಸ್ವಿಚ್ ಹಾಕಿಸಿ.

ಸ್ವಿಚ್ ಆರಿಸಿದರೂ ಕತ್ತಲಲ್ಲಿ ದೀಪ ಮಿಣಮಿಣ ಎನ್ನುತ್ತಿದ್ದರೆ ಸ್ವಿಚ್ಚಿನಲ್ಲಿ ಸಣ್ಣ ಸೂಚಕ ದೀಪ ಇದೆಯೇ ನೋಡಿ. ಆ ಸೂಚಕ ಉರಿಯಲು ಹರಿಯುವ ಅತ್ಯಲ್ಪ ಕರೆಂಟ್ ಬಲ್ಬಿನ ಮೂಲಕವೇ ಹೋಗುತ್ತದೆ. ಅಪಾಯವಿಲ್ಲ, ಕಿರಿಕಿರಿ ಮಾತ್ರ. ಸೂಚಕವೇ ಇಲ್ಲದ ಸ್ವಿಚ್ಚಿನಲ್ಲಿ ಹೀಗಾದರೆ, ಮೇಲೆ ಹೇಳಿದಂತೆ ನ್ಯೂಟ್ರಲ್‌ಗೆ ಸ್ವಿಚ್ ಹಾಕಿರುವ ಸಂಭವವಿದೆ. ಅದನ್ನು ಸರಿಪಡಿಸಬೇಕಾದವರು ಎಲೆಕ್ಟ್ರಿಷಿಯನ್.

ಕಣ್ಣಿಗೆ ಸ್ಥಿರವಾಗಿದ್ದು ಮೊಬೈಲ್ ಕ್ಯಾಮೆರಾದಲ್ಲಿ ಮಾತ್ರ ಪಟ್ಟೆಪಟ್ಟೆಯಾಗಿ ಕಂಡರೆ ಅದು ದೋಷವಲ್ಲ. ಎಲ್‌ಇಡಿಯ ಬೆಳಕನ್ನು ಇಳಿಸುವುದೇ ಕಣ್ಣಿಗೆ ಕಾಣದಷ್ಟು ವೇಗವಾಗಿ ಹಚ್ಚಿ ಆರಿಸಿ.

ಬಣ್ಣ ಹಾಕಿದರೆ ಕೋಣೆ ಕತ್ತಲಾಗುತ್ತದೆ

ಇದು ಕೆಟ್ಟದ್ದಲ್ಲ, ಅದರ ಜಾಯಮಾನವೇ ಹಾಗೆ. ಬಿಳಿಗೆ ಬೇರೆಯೇ ಎಲ್‌ಇಡಿಗಳಿರುವ ಬಲ್ಬಿನಲ್ಲಿ ಹೆಚ್ಚಿನ ಜಾಗವನ್ನು ಅವೇ ಹಿಡಿದಿರುತ್ತವೆ, ಬಣ್ಣದವು ಕೆಲವೇ. ಪೆಟ್ಟಿಗೆಯ ಮೇಲೆ ಬರೆದ ಲ್ಯೂಮೆನ್, ಅಂದರೆ ಬೆಳಕಿನ ಪ್ರಮಾಣದ ಅಳತೆ, ಬಿಳಿ ಬೆಳಕಿನದು. ಓದುವುದಕ್ಕೆ ಬಿಳಿ, ಗೋಡೆಗೆ ಬಣ್ಣ ಎಂದು ಒಪ್ಪಿಕೊಂಡರೆ ನಿರಾಶೆ ಇರುವುದಿಲ್ಲ.

ಸ್ಟ್ರಿಪ್‌ನ ದೂರದ ತುದಿ ಮಂಕು, ಬಿಳಿ ಅಲ್ಲಿ ಕೆಂಪಡರುತ್ತದೆ

ಅಡಾಪ್ಟರ್ ಬದಿಯಲ್ಲಿ ಹಾಲಿನಂತೆ ಬಿಳಿ. ಮೂರನೆಯ ಮೀಟರ್ ದಾಟುವಾಗ ಕೆನೆಬಣ್ಣ. ತುದಿಯಲ್ಲಿ ತೆಳು ಗುಲಾಬಿ. ಇದನ್ನು ನೋಡಿ ಸ್ಟ್ರಿಪ್ ಕಳಪೆ ಎಂದು ಎಸೆಯುವವರಿದ್ದಾರೆ. ಅಸಲಿಗೆ ಅಲ್ಲಿ ವೋಲ್ಟೇಜ್ ಸೋರಿದೆ. ಸ್ಟ್ರಿಪ್‌ನ ತಾಮ್ರದ ಗೆರೆಗಳು ಕಾಗದದಷ್ಟು ತೆಳು, ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಹಸಿರು ಮತ್ತು ನೀಲಿಗೆ ಸುಮಾರು 3 ಬೇಕು. 12 ವೋಲ್ಟ್‌ನ ಸ್ಟ್ರಿಪ್‌ನಲ್ಲಿ ಮೂರು ಮೂರು ಎಲ್‌ಇಡಿಗಳನ್ನು ಸರಪಳಿಯಾಗಿ ಕಟ್ಟಿರುವುದರಿಂದ ಕೆಂಪಿಗೆ ಒಟ್ಟು 6 ವೋಲ್ಟ್, ನೀಲಿಗೆ 9ಕ್ಕೂ ಮೇಲೆ. ತುದಿಗೆ 10 ಮಾತ್ರ ತಲುಪಿದರೆ ಕೆಂಪಿಗೆ ಇನ್ನೂ ಧಾರಾಳ, ನೀಲಿಗೆ ಉಸಿರುಗಟ್ಟುತ್ತದೆ. ನೀಲಿ ಎಂದಿಗೂ ಹಠಮಾರಿ; ಬೆಳಗುವ ನೀಲಿ ಎಲ್‌ಇಡಿಯನ್ನು ಮಾಡಿ ತೋರಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯೇ ಬಂತು.

ಪರೀಕ್ಷೆ ಸುಲಭ. ಸ್ಟ್ರಿಪ್‌ಗೆ ಬರೀ ಕೆಂಪು ಹಾಕಿ ಎರಡು ತುದಿಗಳನ್ನು ಹೋಲಿಸಿ, ಆಮೇಲೆ ಬರೀ ನೀಲಿ. ಕೆಂಪು ಹೆಚ್ಚುಕಡಿಮೆ ಸಮವಾಗಿದ್ದು ನೀಲಿ ಮಾತ್ರ ತುದಿಯಲ್ಲಿ ಸೊರಗಿದ್ದರೆ ವೋಲ್ಟೇಜ್ ಸೋರಿಕೆ ಖಚಿತ. ಇನ್ನು ಬಿಳಿ ಹಾಕಿ ಬೆಳಕನ್ನು ಶೇಕಡ 30ಕ್ಕೆ ಇಳಿಸಿ. ಬಣ್ಣ ಉದ್ದಕ್ಕೂ ಒಂದೇ ಆದರೆ, ಚಿಕಿತ್ಸೆಯೂ ಅದೇ: ಅಷ್ಟರಲ್ಲೇ ಇಟ್ಟು ಬಳಸಿ.

ಪೂರ್ತಿ ಬೆಳಕೇ ಬೇಕೆಂದರೆ ಮೊದಲು ಅಡಾಪ್ಟರ್‌ನ ಲೆಕ್ಕ ನೋಡಿ. ಮೀಟರಿಗೆ 14.4 ವ್ಯಾಟ್ ಎಂದು ಬರೆದ 5 ಮೀಟರ್ ಸ್ಟ್ರಿಪ್‌ಗೆ 72 ವ್ಯಾಟ್ ಬೇಕು, ಅಂದರೆ 12 ವೋಲ್ಟ್‌ನಲ್ಲಿ 6 ಆಂಪಿಯರ್. ಜೊತೆಗೆ ಬಂದ ಅಡಾಪ್ಟರ್ 2 ಆಂಪಿಯರ್‌ನದಾದರೆ ಅದು ಕೊಡುವುದು 24 ವ್ಯಾಟ್. ಬದಲಿಸುವಾಗ ಆಂಪಿಯರ್ ಹೆಚ್ಚಿದ್ದರೆ ನಡೆಯುತ್ತದೆ, ಆದರೆ ಅಡಾಪ್ಟರ್‌ಗೂ ಸ್ಟ್ರಿಪ್‌ಗೂ ನಡುವೆ ಕೂತು ಬಣ್ಣ ಬದಲಿಸುವ ಪುಟ್ಟ ಪೆಟ್ಟಿಗೆಯ, ಅಂದರೆ ಕಂಟ್ರೋಲರ್‌ನ ಮೇಲೆ ಬರೆದ ಮಿತಿಯನ್ನೂ ಓದಿ. ವೋಲ್ಟೇಜ್ ಮಾತ್ರ ಒಂದಿಷ್ಟೂ ಬದಲಾಗಬಾರದು. 12ರ ಸ್ಟ್ರಿಪ್‌ಗೆ 24 ಕೊಟ್ಟರೆ ಒಂದು ಕ್ಷಣ ಪ್ರಖರವಾಗಿ ಬೆಳಗಿ ಶಾಶ್ವತವಾಗಿ ಆರುತ್ತದೆ. ಅಡಾಪ್ಟರ್ ಸರಿಯಿದ್ದೂ ತುದಿ ಮಂಕಾದರೆ ಸ್ಟ್ರಿಪ್ಪನ್ನು ಎರಡಾಗಿ ಕತ್ತರಿಸಿ, ಕಂಟ್ರೋಲರನ್ನು ನಡುವೆ ಇಟ್ಟು ಎಡಕ್ಕೊಂದು ಬಲಕ್ಕೊಂದು ಹರಿಯಬಿಡಿ. ದೂರ ಅರ್ಧವಾಗುತ್ತದೆ. ಕತ್ತರಿಸುವುದು ತಾಮ್ರದ ಚುಕ್ಕೆಗಳ ನಡುವಿನ ಗುರುತಿನಲ್ಲಿ ಮಾತ್ರ.

ಟಿವಿಯ ಹಿಂದಿನ ಯುಎಸ್‌ಬಿಗೆ ಚುಚ್ಚುವ 5 ವೋಲ್ಟ್‌ನ ಸ್ಟ್ರಿಪ್ ಮಂಕಾಗಿದ್ದರೂ ಇದೇ ಕಥೆ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಫೋನ್ ಚಾರ್ಜರ್‌ಗೆ ಹಾಕಿ ನೋಡಿ.

ಒಂದು ಬಣ್ಣ ಕಾಣೆ, ಅಥವಾ ಕೆಂಪು ಕೇಳಿದರೆ ಹಸಿರು

ಸ್ಟ್ರಿಪ್ ಮತ್ತು ಕಂಟ್ರೋಲರ್ ಸೇರುವ ನಾಲ್ಕು ಪಿನ್ನುಗಳ ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿ. ಸೇರುವ ಎರಡೂ ಭಾಗಗಳಲ್ಲಿ ಒಂದು ಬದಿಗೆ ಸಣ್ಣ ಬಾಣದ ಗುರುತು ಇರುತ್ತದೆ. ಬಾಣ ಬಾಣವನ್ನು ಎದುರಿಸಬೇಕು. ತಿರುಗಿಸಿ ಚುಚ್ಚಿದ್ದರೆ ಬಣ್ಣ ಅದಲುಬದಲಾಗುತ್ತದೆ ಅಥವಾ ಏನೂ ಉರಿಯುವುದಿಲ್ಲ. ಪಿನ್ನೊಂದು ಬಾಗಿದ್ದರೆ ಆ ಬಣ್ಣವೇ ಮಾಯ. ಬೆಸುಗೆ ಬೇಡದ ಕ್ಲಿಪ್‌ಗಳು ನನಗೆ ಅಷ್ಟಕ್ಕಷ್ಟೆ: ಕೂದಲೆಳೆಯಷ್ಟು ಜರುಗಿದರೂ ಒಂದು ಬಣ್ಣ ಕೈಬಿಡುತ್ತದೆ. ಕ್ಲಿಪ್ಪನ್ನು ಬೆರಳಿನಿಂದ ಒತ್ತಿದಾಗ ಬಣ್ಣ ಮರಳಿದರೆ ಅಲ್ಲೇ ದೋಷ.

ಅರ್ಧದವರೆಗೆ ಉರಿದು ಮುಂದೆ ಕತ್ತಲು

ಒಂದೊಂದು ಎಲ್‌ಇಡಿಯೂ ಬೇರೆ ಬಣ್ಣ ತೋರಿಸುವ, ಬಣ್ಣ ಓಡುವ ಸ್ಟ್ರಿಪ್ ಆದರೆ, ಅದರಲ್ಲಿ ಆದೇಶ ಕೈಯಿಂದ ಕೈಗೆ ದಾಟುತ್ತದೆ. ಒಬ್ಬ ಕೈಬಿಟ್ಟರೆ ಮುಂದಿನವರಿಗೆಲ್ಲ ಸುದ್ದಿಯೇ ಇಲ್ಲ. ಕೆಟ್ಟಿರುವುದು ಕತ್ತಲಿನ ಮೊದಲನೆಯದು ಅಥವಾ ಬೆಳಕಿನ ಕೊನೆಯದು. ಆ ತುಂಡನ್ನು ಗುರುತಿನಲ್ಲಿ ಕತ್ತರಿಸಿ ತೆಗೆದು ಉಳಿದೆರಡನ್ನು ಬೆಸೆಯಬಹುದು. ಸಾದಾ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿಗಳ ಒಂದು ತುಂಡು ಮಾತ್ರ ಆರಿ ಮುಂದೆ ಬೆಳಕಿದ್ದರೆ ಆ ತುಂಡು ಸತ್ತಿದೆ, ಅಷ್ಟೆ. ಮೂಲೆಯಲ್ಲಿ ಎಲ್‌ಇಡಿಯ ಮೇಲೆಯೇ ಮಡಿಸಿರುವುದು ಸಾಮಾನ್ಯ ಕಾರಣ.

ರಿಮೋಟ್ ಕೇಳುವುದಿಲ್ಲ

ಹೊಸದಾದರೆ ಬ್ಯಾಟರಿಯ ಕೆಳಗಿನ ಪಾರದರ್ಶಕ ಪ್ಲಾಸ್ಟಿಕ್ ಚೂರನ್ನು ಎಳೆದಿದ್ದೀರಾ? ಎಳೆದಿದ್ದರೆ ಫೋನಿನ ಮುಂಬದಿಯ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿ. ಬಹಳಷ್ಟು ಫೋನುಗಳಲ್ಲಿ ನೇರಳೆ ಮಿಂಚು ಕಾಣುತ್ತದೆ. ಕಂಡರೆ ರಿಮೋಟ್ ಸರಿ, ಕಂಟ್ರೋಲರ್‌ನ ಪುಟ್ಟ ಕಣ್ಣು ಎಲ್ಲೋ ಮರೆಯಾಗಿದೆ. ಬಿಲ್ಲೆ ಬ್ಯಾಟರಿ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ನುಂಗಿದ ಅನುಮಾನವಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಡುರಾತ್ರಿ ತಾನಾಗಿ ಹೊತ್ತಿಕೊಳ್ಳುತ್ತದೆ

ದೆವ್ವವಲ್ಲ. ಕರೆಂಟ್ ಹೋಗಿ ಬಂದಿದೆ. ಆ್ಯಪ್‌ನಲ್ಲಿ ಕರೆಂಟ್ ಮರಳಿದಾಗ ಏನು ಮಾಡಬೇಕು ಎಂಬ ಆಯ್ಕೆಯನ್ನು ‘ಹಿಂದಿನ ಸ್ಥಿತಿ’ ಎಂದು ಬದಲಿಸಿ. ಕರೆಂಟ್ ಹೋಗಿರದಿದ್ದರೆ ಮರೆತುಹೋದ ವೇಳಾಪಟ್ಟಿ ಇದೆಯೇ, ಆ್ಯಪ್‌ನ ಕಾಲವಲಯ ತಪ್ಪಿದೆಯೇ ನೋಡಿ.

ಇಲ್ಲಿಗೆ ನಿಲ್ಲಿಸಿ

ಸುಟ್ಟ ವಾಸನೆ, ಹೋಲ್ಡರ್ ಅಥವಾ ಅಡಾಪ್ಟರ್ ಕಂದುಗಟ್ಟಿರುವುದು, ಚಟಚಟ ಸದ್ದು, ಮುಟ್ಟಿದರೆ ಜುಮ್ಮೆನ್ನುವುದು, ದೀಪ ಹಾಕಿದಾಗ ಎಂಸಿಬಿ ಬೀಳುವುದು: ಇವುಗಳಲ್ಲಿ ಒಂದು ಕಂಡರೂ ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ. ‘ಇನ್ನೊಮ್ಮೆ ಹಾಕಿ ನೋಡೋಣ’ ಎನ್ನುವ ಹೊತ್ತು ಇದಲ್ಲ. ಮುಚ್ಚಿದ ಗಾಜಿನ ಗೋಳದೊಳಗೆ ಬಲ್ಬ್ ಅರ್ಧ ಗಂಟೆ ಉರಿದು ತಾನಾಗಿ ಆರಿ ಮತ್ತೆ ಹೊತ್ತಿಕೊಂಡರೆ ಅದು ಬಿಸಿ ತಾಳಲಾರದೆ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ತೆರೆದ ಹೋಲ್ಡರ್‌ಗೆ ಹಾಕಿ. ಸುರುಳಿ ಬಿಚ್ಚದೆ ಸ್ಟ್ರಿಪ್ ಉರಿಸಿ ನೋಡುವ ಚಪಲವೂ ಬೇಡ, ಒಳಸುತ್ತು ಬೇಗ ಕಾಯುತ್ತದೆ. ನೀರು ತಾಗುವ ಜಾಗಕ್ಕೆ, ನೀರು ಧೂಳು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ 65 ಅಥವಾ ಮೇಲಿನ ಗುರುತು ಬೇಕು, ಅದೂ ಕತ್ತರಿಸಿದ ತುದಿಯನ್ನು ಮತ್ತೆ ಮುಚ್ಚಿದ ಮೇಲೆ ಮಾತ್ರ. ಅಡಾಪ್ಟರ್ ಮಾತ್ರ ಒಣ ಜಾಗದಲ್ಲೇ ಇರಬೇಕು.

ಬದಲಿ ಕೊಳ್ಳುವುದೇ ಆದರೆ

ಪೆಟ್ಟಿಗೆಯ ಮೇಲೆ ಹೋಲ್ಡರ್‌ನ ಬಗೆ ನೋಡಿ: ಒತ್ತಿ ತಿರುಗಿಸುವುದು ಬಿ22, ತಿರುಪಿನದು ಇ27. ಲ್ಯೂಮೆನ್ ನೋಡಿ; ಒಂದು ಕೋಣೆಯ ಮುಖ್ಯ ದೀಪವಾಗಬೇಕಾದರೆ 800ಕ್ಕಿಂತ ಕಡಿಮೆ ಬೇಡ. ಬಿಳಿಯ ಛಾಯೆ ಹಳದಿಬಿಳಿಯಿಂದ ನೀಲಿಬಿಳಿಗೆ, ಅಂದರೆ 2700ರಿಂದ 6500 ಕೆಲ್ವಿನ್‌ವರೆಗೆ ಬದಲಾಗುತ್ತದೆಯೇ ಓದಿ. ಸ್ಟ್ರಿಪ್ ಉದ್ದವಿದ್ದರೆ 24 ವೋಲ್ಟ್‌ನದನ್ನು ಆರಿಸಿ, ಸೋರಿಕೆಯ ಕಾಟ ಕಡಿಮೆ. 2022ರಲ್ಲಿ ಬಂದ ಮ್ಯಾಟರ್ ಎಂಬ ಮಾನದಂಡದ ಗುರುತಿದ್ದರೆ ಒಂದೇ ಕಂಪನಿಯ ಆ್ಯಪ್‌ಗೆ ಜೋತುಬೀಳಬೇಕಿಲ್ಲ.

ಹಳೆಯ ಬಲ್ಬನ್ನು ಯಾರಿಗಾದರೂ ಕೊಡುವ ಮೊದಲು ಆ್ಯಪ್‌ನಿಂದ ತೆಗೆದುಹಾಕಿ, ರೀಸೆಟ್ ಮಾಡಿ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಅದರ ನೆನಪಿನಲ್ಲಿ ಇರುತ್ತವೆ.